ಗುಲಾಬಿ ಎಲೆಯ ಕಪ್ಪು ಚುಕ್ಕೆಗೆ ಯಾವ ಔಷಧಿ ಹೊಡೆಯಬೇಕು?

ದಿನಾ ಸಂಜೆ ಎಲೆಯೆಲ್ಲ ತೊಳೆದು ನೀರು ಹಾಕುತ್ತೇನೆ, ಆದರೂ ಕಪ್ಪು ಚುಕ್ಕೆ ಅಂತ ಬರೆದಿದ್ದೀರಿ. ನಾನೂ ಇದನ್ನೇ ಮಾಡುತ್ತಿದ್ದೆ. ಬೆಂಗಳೂರಿನ ನಮ್ಮ ಮನೆ ಟೆರೇಸಿನಲ್ಲಿ ಗುಲಾಬಿ ಕುಂಡಗಳ ಸಾಲು. ಆಫೀಸಿನಿಂದ ಬಂದು, ಕಾಫಿ ಕುಡಿದು, ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಗಿಡಗಳನ್ನು ನೆತ್ತಿಯಿಂದ ತೋಯಿಸುತ್ತಿದ್ದೆ. ಧೂಳು ಹೋಗಿ ಎಲೆ ಮಿರಮಿರ ಮಿಂಚುವುದನ್ನು ನೋಡೋಕೆ ಖುಷಿ.

ಮೊದಲು ಕೆಳಗಿನ ಎಲೆಗಳಲ್ಲಿ ಶುರುವಾಯಿತು. ಒದ್ದೆ ಕಾಗದದ ಮೇಲೆ ಇಂಕು ಬಿದ್ದ ಹಾಗೆ, ಅಂಚು ಹರಡಿಕೊಂಡ ಕಪ್ಪು ಚುಕ್ಕೆ. ಸುತ್ತ ಹಳದಿ. ಮುಟ್ಟಿದರೆ ಎಲೆ ಕೈಗೇ ಬರುತ್ತಿತ್ತು. ಗೊಬ್ಬರ ಸಾಲದು ಅಂದುಕೊಂಡೆ. ಆಮೇಲೆ ಸಾಫ್ ಅನ್ನುವ ಶಿಲೀಂಧ್ರನಾಶಕ ಪುಡಿ ತಂದು, ನೀರಲ್ಲಿ ಕಲಸಿ ಹೊಡೆದೆ. ಹೊಡೆಯುವುದು, ಮಾರನೇ ಸಂಜೆ ಪೈಪ್ ಹಿಡಿದು ಅದನ್ನೂ ತೊಳೆಯುವುದು! ಕೊನೆಗೆ ಬರೀ ಕಡ್ಡಿ ಉಳಿಯಿತು.

ತಪ್ಪಾಗಿದ್ದು ನೀರು ಹಾಕಿದ ಹೊತ್ತಿನಲ್ಲಿ. ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ರೋಗ ತರುವ ಶಿಲೀಂಧ್ರದ ಹೆಸರು ಡಿಪ್ಲೊಕಾರ್ಪನ್ ರೋಸೆ. ಅದರ ಕಣ ಎಲೆಯೊಳಗೆ ಇಳಿಯಬೇಕಾದರೆ ಎಲೆ ಒಂದೇ ಸಮ ಸುಮಾರು 7 ಗಂಟೆ ಒದ್ದೆಯಾಗಿರಬೇಕು. ಸಂಜೆ 6ಕ್ಕೆ ತೋಯಿಸಿದ ಎಲೆ ಇಲ್ಲಿನ ತಂಪಿನಲ್ಲಿ ಬೆಳಗಾದರೂ ಪೂರ್ತಿ ಒಣಗಿರುವುದಿಲ್ಲ. ಅದೇ ನೀರು ಬೆಳಗ್ಗೆ 7ಕ್ಕೆ ಬಿದ್ದಿದ್ದರೆ ಬಿಸಿಲೇರುವಷ್ಟರಲ್ಲಿ ಆರುತ್ತಿತ್ತು. ಸಾಲದ್ದಕ್ಕೆ, ಉದುರಿದ ಎಲೆ ಗೊಬ್ಬರವಾಗಲಿ ಅಂತ ಕುಂಡದಲ್ಲೇ ಬಿಡುತ್ತಿದ್ದೆ. ಪೈಪಿನ ರಭಸಕ್ಕೆ ಅದರ ಮೇಲಿಂದ ಹನಿ ಸಿಡಿದು ಮೇಲಿನ ಒಳ್ಳೆ ಎಲೆಗೂ ಹತ್ತುತ್ತಿತ್ತು. ದಿನಾ ಸಂಜೆ ನಾನೇ ರೋಗ ಬಿತ್ತುತ್ತಿದ್ದೆ, ಅಲ್ವಾ?

ಹಾಗಾಗಿ ಯಾವ ಔಷಧಿ ಅನ್ನುವುದು ಆಮೇಲಿನ ಮಾತು. ಮೊದಲು ಪೈಪ್ ಸುತ್ತಿಡಿ. ಚುಕ್ಕೆ ಬಿದ್ದ ಎಲೆಗಳನ್ನು ಕೀಳಿ, ಉದುರಿದ್ದನ್ನೂ ಆರಿಸಿ ಕಸಕ್ಕೆ ಹಾಕಿ. ಮನೆಯ ಕಾಂಪೋಸ್ಟಿಗೆ ಬೇಡವೇ ಬೇಡ. ಕಡ್ಡಿಯಲ್ಲಿ ಕಪ್ಪು ಮಚ್ಚೆ ಕಂಡರೆ ಅದರ ಕೆಳಗೆ ಕತ್ತರಿಸಿ. ಬೆಳಗ್ಗೆ ಚೊಂಬಿನಲ್ಲಿ ಬುಡಕ್ಕೆ ಮಾತ್ರ ನೀರು ಹಾಕಿ. ಕುಂಡಗಳ ನಡುವೆ ಗಾಳಿ ಆಡಲಿ.

ಹುಳಿ ಮಜ್ಜಿಗೆ ಆಗುತ್ತದಾ ಅಂತ ಕೇಳಿದ್ದೀರಿ. ಸುಮ್ನೆ ಅದನ್ನು ಮಜ್ಜಿಗೆಹುಳಿಗೆ ಬಳಸಿ. ಬಿದ್ದ ಚುಕ್ಕೆಯನ್ನು ಮಜ್ಜಿಗೆಯೂ ಅಳಿಸುವುದಿಲ್ಲ, ಸಾಫೂ ಅಳಿಸುವುದಿಲ್ಲ. ಔಷಧಿಯ ಕೆಲಸ ಹೊಸ ಎಲೆ ಕಾಯುವುದು. ಜಡಿಮಳೆಯಲ್ಲಿ ಎಲೆ ಒಣಗಿಸೋಕೆ ನಮ್ಮ ಕೈಲಾಗುವುದಿಲ್ಲ, ಆಗ ಅದು ಬೇಕು. ನಾನು ಈಗ ಲೀಟರ್ ನೀರಿಗೆ 2 ಗ್ರಾಂ ಸಾಫ್ ಕಲಸಿ, ಮಳೆ ಬಿಟ್ಟಾಗ, ಎಲೆಯ ಅಡಿಗೂ ತಾಗುವಂತೆ ಹೊಡೆಯುತ್ತೇನೆ. ಕೈಗೆ ಗ್ಲೌಸು, ಮುಖಕ್ಕೆ ಮಾಸ್ಕು ಹಾಕಿಕೊಳ್ಳಿ.

ಇನ್ನೊಂದು ವಿಷಯ. ಎಲೆಯ ಮೇಲಿರುವುದು ಬೆರಳಿಗೆ ಹತ್ತುವ ಬಿಳಿ ಪುಡಿಯಾದರೆ ಅದು ಬೂದಿ ರೋಗ. ಅದು ಬರೋಕೆ ಎಲೆ ಒದ್ದೆಯಾಗಿರಬೇಕಿಲ್ಲ, ಹಾಗಾಗಿ ಮೇಲೆ ಹೇಳಿದ ನೀರಿನ ಲೆಕ್ಕ ಅದಕ್ಕೆ ಹೊಂದುವುದಿಲ್ಲ. ಒಂದು ಎಲೆಯ ಫೋಟೊ ಹಾಕಿ, ನೋಡೋಣ.