ಸಂಪಾದಕರ ಉತ್ತರ: ಆ ಸಿನಿಮಾ ಸ್ಪೇನಿನದೋ, ಮೆಕ್ಸಿಕೊದ್ದೋ?

ನಾವು ಅಚ್ಚು ಹಾಕಿದ ಸ್ಪೇನ್ ದೇಶದ 2006ರ ಚಿತ್ರಗಳ ಪಟ್ಟಿಯ ಬಗ್ಗೆ ನಿಮ್ಮ ಆಕ್ಷೇಪ ಮೂರು. ‘ಸ್ಪೇನ್, 2006’ ಪಟ್ಟಿಯಲ್ಲಿ ಮೆಕ್ಸಿಕೊದ ನಿರ್ದೇಶಕ ಗಿಯೆರ್ಮೊ ದೆಲ್ ತೊರೊ ಅವರ ‘ಎಲ್ ಲಾಬೆರಿಂತೊ ದೆಲ್ ಫೌನೊ’ (ಇಂಗ್ಲಿಷಿನಲ್ಲಿ ‘ಪ್ಯಾನ್ಸ್ ಲ್ಯಾಬಿರಿಂಥ್’) ಹೇಗೆ ಬಂತು, ಅದನ್ನು ಆಸ್ಕರ್‌ಗೆ ಕಳಿಸಿದ್ದು ಮೆಕ್ಸಿಕೊ ಅಲ್ಲವೇ? ಪೆದ್ರೊ ಅಲ್ಮೊದೊವರ್ ಅವರ ‘ವೊಲ್ವೆರ್’ಗೆ ಸ್ಪೇನಿನ ಚಲನಚಿತ್ರ ಪ್ರಶಸ್ತಿಯಾದ ಗೋಯಾ ಸಿಕ್ಕಿದ್ದು 2007ರಲ್ಲಿ, ಹಾಗಾದರೆ ಅದು 2006ರ ಚಿತ್ರ ಹೇಗಾಯಿತು? ಇನ್ನು, ‘ಬಾಬೆಲ್’ ಯಾಕಿಲ್ಲ?

ಕೊನೆಯದು ಸುಲಭ. ಕನ್ನಡದಲ್ಲಿ ‘ಸ್ಪ್ಯಾನಿಷ್ ಸಿನಿಮಾ’ ಎಂದರೆ ಭಾಷೆಯೂ ಆಗುತ್ತದೆ, ದೇಶವೂ ಆಗುತ್ತದೆ. ನಮ್ಮದು ದೇಶದ ಪಟ್ಟಿ. ‘ಬಾಬೆಲ್’ನಲ್ಲಿ ಸ್ಪ್ಯಾನಿಷ್ ಮಾತಿದೆ, ನಿರ್ಮಾಣದಲ್ಲಿ ಸ್ಪೇನ್ ಇಲ್ಲ. ಮಿಲೋಸ್ ಫೋರ್ಮನ್ ಅವರ ‘ಗೋಯಾಸ್ ಘೋಸ್ಟ್ಸ್’ ಇಂಗ್ಲಿಷಿನಲ್ಲಿದೆ, ಆದರೂ ಸ್ಪೇನಿನ ನಿರ್ಮಾಪಕರ ಪಾಲಿರುವುದರಿಂದ ಪಟ್ಟಿಯಲ್ಲಿದೆ.

‘ಫೌನೊ’ ಎರಡೂ ದೇಶಗಳ ಜಂಟಿ ನಿರ್ಮಾಣ. ಕಥೆ ನಡೆಯುವುದು 1944ರಲ್ಲಿ, ಸರ್ವಾಧಿಕಾರಿ ಫ್ರಾಂಕೊ ಆಳುತ್ತಿದ್ದ ಸ್ಪೇನಿನಲ್ಲಿ. ಆರಂಭದಲ್ಲಿ ಕಾಣುವ ಪಾಳು ಊರು ಸೆಟ್ ಅಲ್ಲ. ಅದು ಸ್ಪೇನಿನ ಅಂತರ್ಯುದ್ಧದಲ್ಲಿ ನೆಲಸಮವಾಗಿ, ಹಾಗೆಯೇ ಬಿಟ್ಟಿರುವ ಬೆಲ್ಚೀತೆ. ಚಿತ್ರಕ್ಕೆ ಸಿಕ್ಕ ಮೂರು ಆಸ್ಕರ್‌ಗಳನ್ನು ಬಿಡಿಸಿ ನೋಡಿ: ಛಾಯಾಗ್ರಹಣದ್ದು ಮೆಕ್ಸಿಕೊದ ಗಿಯೆರ್ಮೊ ನವಾರೊಗೆ, ಪ್ರಸಾಧನದ್ದು ಸ್ಪೇನಿನ ದಾವಿದ್ ಮಾರ್ತಿ ಮತ್ತು ಮೊಂತ್ಸೆ ರಿಬೆಗೆ, ಕಲಾ ನಿರ್ದೇಶನದ್ದು ಮೆಕ್ಸಿಕೊದ ಎಯುಹೇನಿಯೊ ಕಬಾಯೆರೊ, ಸ್ಪೇನಿನ ಪಿಲಾರ್ ರೆವುಯೆಲ್ತಾ ಇಬ್ಬರಿಗೂ. ಇದಕ್ಕಿಂತ ಅಚ್ಚುಕಟ್ಟಾಗಿ ಪಾಲು ಮಾಡಲು ವಕೀಲರಿಗೂ ಆಗುತ್ತಿರಲಿಲ್ಲ. ವಿದೇಶಿ ಭಾಷಾ ಚಿತ್ರದ (ಈಗಿನ ಹೆಸರು ಅಂತರರಾಷ್ಟ್ರೀಯ ಚಿತ್ರ) ಆಸ್ಕರ್‌ಗೆ ಆಗ ಒಂದು ದೇಶ ಒಂದೇ ಚಿತ್ರ ಕಳಿಸಬಹುದಿತ್ತು. ಸ್ಪೇನ್ ‘ವೊಲ್ವೆರ್’ ಕಳಿಸಿತು, ಮೆಕ್ಸಿಕೊ ಇದನ್ನು ಕಳಿಸಿತು. ಯಾರು ಕಳಿಸಿದರು ಎಂಬುದರಿಂದ ಚಿತ್ರದ ದೇಶ ತೀರ್ಮಾನವಾಗುವುದಿಲ್ಲ.

ವರ್ಷದ ವಿಷಯಕ್ಕೆ ಬಂದರೆ, ನಮ್ಮ ರಾಷ್ಟ್ರ ಪ್ರಶಸ್ತಿಗೆ ಸೆನ್ಸಾರ್ ಪತ್ರ ಸಿಕ್ಕ ವರ್ಷ ಲೆಕ್ಕ. ಗೋಯಾಕ್ಕೆ ಸ್ಪೇನಿನ ಚಿತ್ರಮಂದಿರಗಳಲ್ಲಿ ತೆರೆಕಂಡ ದಿನ. ಸಮಾರಂಭ ಮಾತ್ರ ಮುಂದಿನ ವರ್ಷದ ಆರಂಭದಲ್ಲಿ. ‘ವೊಲ್ವೆರ್’ ತೆರೆಕಂಡದ್ದು 2006ರ ಮಾರ್ಚ್ 17ಕ್ಕೆ, ಗೋಯಾ ಕೊಟ್ಟದ್ದು 2007ರ ಜನವರಿ 28ಕ್ಕೆ. ‘ಗೋಯಾ 2007’ ಎಂದು ಕಂಡರೆ ಒಂದು ವರ್ಷ ಕಳೆಯಿರಿ.

ನೀವೇ ಪಟ್ಟಿ ಮಾಡುವುದಾದರೆ ಚಿತ್ರೋತ್ಸವದ ದಿನಾಂಕಕ್ಕೂ ಬಿಡುಗಡೆಯ ದಿನಾಂಕಕ್ಕೂ ಬೇರೆ ಬೇರೆ ಕಾಲಂ ಇಡಿ. ಅಂತರ್ಜಾಲದ ಪಟ್ಟಿಗಳಲ್ಲಿ ಬಹುಪಾಲು ತಪ್ಪಾಗುವುದು ಇವೆರಡನ್ನು ಒಂದೇ ಕಾಲಂಗೆ ತುರುಕುವುದರಿಂದ. ಡಿಸೆಂಬರ್-ಜನವರಿಯ ಚಿತ್ರಗಳನ್ನು ಎರಡು ಸಲ ನೋಡಿ. ಸ್ಪೇನಿನ ಸಂಸ್ಕೃತಿ ಸಚಿವಾಲಯದ ಸಿನಿಮಾ ಸಂಸ್ಥೆ ಐಸಿಎಎ ಇಟ್ಟಿರುವ ಚಲನಚಿತ್ರ ಸೂಚಿಯಲ್ಲಿ ನಿರ್ಮಾಣ ಕಂಪನಿಗಳ ಹೆಸರೂ ಬಿಡುಗಡೆಯ ದಿನವೂ ಸಿಗುತ್ತವೆ. ಹುಡುಕುವಾಗ ಮೂಲ ಹೆಸರನ್ನೇ ಹಾಕಿ. ‘ಪ್ಯಾನ್ಸ್ ಲ್ಯಾಬಿರಿಂಥ್’ ಎಂಬುದು ಇಂಗ್ಲಿಷಿನವರು ಇಟ್ಟುಕೊಂಡ ಹೆಸರು. ಚಿತ್ರದಲ್ಲಿ ಪ್ಯಾನ್ ಎಂಬ ದೇವತೆಯೇ ಇಲ್ಲ.

ಸ್ಪೇನಿನಲ್ಲಿ ತೆರೆಕಂಡ ವರ್ಷವೇ ಲೆಕ್ಕ ಎಂಬ ಈ ನಿಯಮವನ್ನು ನಾವೂ ಒಂದು ಕಡೆ ಮುರಿದಿದ್ದೇವೆ. ಸ್ಪೇನಿನ ನಿರ್ದೇಶಕ ಲೂಯಿಸ್ ಬುನ್ಯುಯೆಲ್ ಅವರ ‘ವಿರಿದಿಯಾನಾ’ಗೆ 1961ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಾಮ್ ದೋರ್ ಬಂತು, ಸ್ಪೇನಿನಲ್ಲಿ ನಿಷೇಧವಾಯಿತು, ಅಲ್ಲಿ ತೆರೆಕಂಡದ್ದು ಫ್ರಾಂಕೊ ತೀರಿಕೊಂಡ ಮೇಲೆ, 1977ರಲ್ಲಿ. ಅದನ್ನು 1977ರ ಪಟ್ಟಿಗೆ ಹಾಕಲು ಮನಸ್ಸು ಬರಲಿಲ್ಲ. 1961ರಲ್ಲೇ ಇಟ್ಟು, ಎದುರಿಗೆ 1977 ಎಂದು ನಮೂದಿಸಿದ್ದೇವೆ.

ಒಂದು ತಪ್ಪು ನಿಮ್ಮ ಕಣ್ಣು ತಪ್ಪಿಸಿದೆ. ‘ಫೌನೊ’ ಎದುರು ಅಕ್ಟೋಬರ್ 20 ಎಂದು ಅಚ್ಚಾಗಿದೆ. ಅದು ಮೆಕ್ಸಿಕೊದ ದಿನಾಂಕ, ಸ್ಪೇನಿನದು 11. ದಯವಿಟ್ಟು ತಿದ್ದಿಕೊಳ್ಳಿ.