ಚಹಾದ ಹೊತ್ತಿನ ತೀರ್ಮಾನ ಬೀದರಿಗೆ ತಲುಪಲಿಲ್ಲ

ಪ್ರಶ್ನೆ: ನಾನು ಕಲಬುರಗಿಯಲ್ಲಿದ್ದುಕೊಂಡು ಸಾಫ್ಟ್‌ವೇರ್ ಪರೀಕ್ಷಿಸುವ ತಂಡವೊಂದನ್ನು ನಡೆಸುತ್ತಿದ್ದೇನೆ. ನನ್ನನ್ನೂ ಸೇರಿಸಿ ಒಂಬತ್ತು ಜನರಿದ್ದೇವೆ. ಮೂವರು ಇಲ್ಲಿನ ಕಚೇರಿಯಲ್ಲಿ ಕೂಡುತ್ತೇವೆ. ಒಬ್ಬರು ಬೀದರಿನ ಮನೆಯಿಂದ, ಉಳಿದವರು ಬೆಂಗಳೂರು, ಪುಣೆಗಳಿಂದ ಕೆಲಸ ಮಾಡುತ್ತಾರೆ. ಕಳೆದ ತಿಂಗಳು ನಾವು ಮೂವರು ಚಹಾ ಕುಡಿಯುತ್ತ ಒಂದು ಭಾಗದ ಪರೀಕ್ಷೆಯನ್ನು ಕೈಬಿಡಲು ತೀರ್ಮಾನಿಸಿದೆವು. ಬೀದರಿನವರಿಗೆ ಇದು ತಿಳಿದದ್ದು ಎರಡು ದಿನಗಳ ಮೇಲೆ. ಅಷ್ಟರಲ್ಲಿ ಅವರು ಅದೇ ಕೆಲಸವನ್ನು ಮುಗಿಸಿಬಿಟ್ಟಿದ್ದರು. ಅಂದಿನಿಂದ ಮೀಟಿಂಗಿನಲ್ಲಿ ಅವರು ಮಾತನಾಡುತ್ತಿಲ್ಲ. ಮುಂದಿನ ಕೆಲಸಕ್ಕೆ ತಂಡವನ್ನು ಹೊಸದಾಗಿ ಕಟ್ಟಬೇಕಾಗಿದೆ. ದಯವಿಟ್ಟು ದಾರಿ ತಿಳಿಸಿ.
— ಓದುಗರು, ಕಲಬುರಗಿ

ಉತ್ತರ: ಮೊದಲು ನೀವೇ ಅವರಿಗೆ ಕರೆ ಮಾಡಿ, ತಪ್ಪು ನಮ್ಮದೆಂದು ಹೇಳಿ, ಆಮೇಲೆ ಇಡೀ ತಂಡದೆದುರು ಅದನ್ನೇ ಹೇಳಿ. ಅವರದು ಬರೀ ಸಿಟ್ಟು ಎಂದು ನನಗನ್ನಿಸುವುದಿಲ್ಲ. ತಾವಿಲ್ಲದೆಯೂ ಇಲ್ಲಿ ಎಲ್ಲವೂ ತೀರ್ಮಾನವಾಗುತ್ತದೆ ಎಂಬುದು ಅವರಿಗೆ ಮನದಟ್ಟಾಗಿದೆ, ಹಾಗೆ ಮನದಟ್ಟಾದವರು ಯಾರೇ ಆದರೂ ಸುಮ್ಮನಾಗುತ್ತಾರೆ.

ಅಮೆರಿಕದ ಎಂಐಟಿಯಲ್ಲಿದ್ದ ಥಾಮಸ್ ಅಲೆನ್ ಅವರು 1970ರ ದಶಕದಲ್ಲಿ, ಎಂಜಿನಿಯರುಗಳ ಮೇಜುಗಳ ನಡುವಿನ ಅಂತರ ಹೆಚ್ಚಿದಷ್ಟೂ ಅವರ ನಡುವಿನ ಮಾತುಕತೆ ಕುಸಿಯುತ್ತದೆ, ಸುಮಾರು 50 ಮೀಟರ್ ದಾಟಿದರಂತೂ ಬಹಳ ಅಪರೂಪವಾಗುತ್ತದೆ ಎಂಬುದನ್ನು ತೋರಿಸಿಕೊಟ್ಟರು. ಒಂದೇ ಕಟ್ಟಡದೊಳಗಿನ ಪಾಡು ಇದಾದರೆ, ಸುಮಾರು 110 ಕಿಲೋಮೀಟರ್ ಆಚೆ ಇರುವವರಿಗೆ ಸುದ್ದಿ ತಾನಾಗಿ ತಲುಪೀತೆಂದು ನಂಬುವುದು ಹೇಗೆ? ಚಹಾದ ಹೊತ್ತಿನಲ್ಲಿ ಕೆಲಸದ ಮಾತೇ ಬೇಡ ಎಂದು ನಾನು ಹೇಳಲಾರೆ. ಆದರೆ ಅಲ್ಲಿ ಹುಟ್ಟಿದ್ದು ಸಲಹೆ ಮಾತ್ರ. ಎಲ್ಲರೂ ನೋಡುವ ಒಂದೇ ಜಾಗದಲ್ಲಿ ಬರೆದ ಮೇಲಷ್ಟೇ ಅದು ತೀರ್ಮಾನವಾಗಬೇಕು. “ಲಾಗಿನ್ ಪುಟದ ಪರೀಕ್ಷೆಯನ್ನು ಈ ವಾರ ನಿಲ್ಲಿಸೋಣ. ಗ್ರಾಹಕರು ಆ ಪುಟವನ್ನೇ ಬದಲಿಸುತ್ತಿದ್ದಾರೆ. ಬೇರೆ ಅಭಿಪ್ರಾಯವಿದ್ದರೆ ಸಂಜೆ ನಾಲ್ಕರೊಳಗೆ ತಿಳಿಸಿ.” ಇಷ್ಟು ಬರೆಯಲು ಎರಡು ನಿಮಿಷ ಸಾಕು, ಇದಿದ್ದಿದ್ದರೆ ಅವರ ಎರಡು ದಿನದ ದುಡಿಮೆ ಉಳಿಯುತ್ತಿತ್ತು.

ವಿಡಿಯೊ ಮೀಟಿಂಗಿಗೆ ನೀವು ಮೂವರು ಒಂದೇ ಲ್ಯಾಪ್‌ಟಾಪಿನ ಮುಂದೆ ಗುಂಪಾಗಿ ಕೂಡುತ್ತಿದ್ದರೆ ಅದನ್ನು ಇಂದೇ ಬಿಡಿ. ನಿಮ್ಮೊಳಗಿನ ಪಿಸುಮಾತು, ನಗು ಹೊರಗಿನವರಿಗೆ ಅರ್ಥವಾಗದು. ಪ್ರತಿಯೊಬ್ಬರೂ ತಮ್ಮ ತಮ್ಮ ಮೇಜಿನಿಂದಲೇ ಸೇರಿಕೊಳ್ಳಲಿ, ಮೊದಲ ಮಾತು ಪರವೂರಿನವರದಾಗಲಿ. ಕರೆಂಟ್ ಹೋಗಿ ಸೇರಲಾಗದವರಿಗೆ ಅಂದಿನ ತೀರ್ಮಾನಗಳು ಬರಹದಲ್ಲಿ ಸಿಗಲಿ.

ಇನ್ನು ಹೊಸ ತಂಡ. ಒಂಬತ್ತು ಜನರಲ್ಲಿ ಪ್ರತಿಯೊಬ್ಬರೂ ಉಳಿದೆಲ್ಲರೊಡನೆ ಸಂಪರ್ಕದಲ್ಲಿರಬೇಕೆಂದರೆ 36 ಜೋಡಿಗಳಾಗುತ್ತವೆ. ಐವರಾದರೆ ಕೇವಲ 10. ಆದ್ದರಿಂದ ನಾಲ್ವರದೊಂದು, ಐವರದೊಂದು ಗುಂಪು ಮಾಡಿ, ಪ್ರತಿ ಕೆಲಸಕ್ಕೂ ಹೊಣೆಗಾರರು ಒಬ್ಬರೇ ಇರಲಿ. ಕಲಬುರಗಿಯ ಮೂವರನ್ನು ಮಾತ್ರ ಒಂದೇ ಗುಂಪಿಗೆ ಹಾಕಬೇಡಿ, ಹಾಕಿದರೆ ಹಳೆಯ ಕಥೆಯೇ ಮರುಕಳಿಸುತ್ತದೆ. ಹೊಸಬರನ್ನು ಆರಿಸುವಾಗ ತಾಂತ್ರಿಕ ಜ್ಞಾನವನ್ನು ಹೇಗೂ ನೋಡುತ್ತೀರಿ. ಜೊತೆಗೆ, ಬೇಕೆಂದೇ ಅರ್ಧ ವಿವರ ಬಿಟ್ಟ ಒಂದು ಸಣ್ಣ ಕೆಲಸ ಕೊಟ್ಟು ನೋಡಿ. ಏನು ಬಿಟ್ಟುಹೋಗಿದೆ ಎಂದು ಸ್ಪಷ್ಟವಾಗಿ ಬರೆದು ಕೇಳುವವರನ್ನು ಆರಿಸಿಕೊಳ್ಳಿ. ಸಿಕ್ಕಿಹಾಕಿಕೊಂಡಾಗ ಮೂರು ದಿನ ಸುಮ್ಮನಿರುವ ಜಾಣರಿಗಿಂತ, ಮೊದಲ ಗಂಟೆಯಲ್ಲೇ ಹೇಳುವ ಸಾಧಾರಣ ಕೆಲಸಗಾರರು ದೂರದ ತಂಡಕ್ಕೆ ಹೆಚ್ಚು ಒದಗುತ್ತಾರೆಂಬುದು ನನ್ನ ದೃಢವಾದ ನಂಬಿಕೆ.

ಕೆಲಸ ಶುರುವಾಗುವ ಮುನ್ನ ಒಂದೆರಡು ದಿನ ಎಲ್ಲರೂ ಮುಖಾಮುಖಿ ಕೂಡಿರಿ. ಅದನ್ನು ಕಲಬುರಗಿಯ ಕಚೇರಿಯಲ್ಲಿ ಇಟ್ಟುಕೊಳ್ಳಬೇಡಿ. 2017ರಿಂದ ಬೀದರಿಗೆ ನೇರ ರೈಲು ಮಾರ್ಗವಿದೆ. ಈ ಸಲ ನೀವು ಮೂವರೇ ಅಲ್ಲಿಗೆ ಹೋಗಿ.