ಹಳೆಯ ಕಾರಿಗೆ ಹಳೆಯ ಡಬ್ಬಿಯ ಆಯಿಲ್ ಹಾಕಬಹುದೇ?

ಪ್ರಶ್ನೆ: ನಮ್ಮ ತಂದೆಯವರು ಕೊಂಡ 1984ರ ಪ್ರೀಮಿಯರ್ ಪದ್ಮಿನಿ ಕಾರನ್ನು ನಾನು ಈಗಲೂ ಓಡಿಸುತ್ತಿದ್ದೇನೆ. ಪಿ.ಬಿ. ರಸ್ತೆಯಲ್ಲಿ ಬಿಡಿಭಾಗಗಳ ಹಳೆಯ ಅಂಗಡಿಯೊಂದು ಮುಚ್ಚಿದಾಗ, ಈಗ ತಯಾರಾಗದ ಎಂಜಿನ್ ಆಯಿಲ್‌ನ ಕೆಲವು ತಗಡಿನ ಡಬ್ಬಿಗಳು ಸೀಲ್ ಒಡೆಯದೆ ಸಿಕ್ಕಿದವು. ಅವುಗಳ ಮೇಲೆ ‘20ಡಬ್ಲ್ಯು-40, ಎಪಿಐ ಎಸ್‌ಎಫ್’ ಎಂದಿದೆ. ಹೊಸ ಆಯಿಲ್ ತೆಳು, ಆ ಕಾಲದ ಕಾರಿಗೆ ಆ ಕಾಲದ ಆಯಿಲೇ ಸರಿ ಎಂದು ನಮ್ಮ ಮೆಕ್ಯಾನಿಕ್ ಹೇಳುತ್ತಾರೆ. ಹಾಕಬಹುದೇ?
– ಓದುಗರು, ನಿಟುವಳ್ಳಿ, ದಾವಣಗೆರೆ

ಉತ್ತರ: ದಯವಿಟ್ಟು ಹಾಕಬೇಡಿ. ಡಬ್ಬಿಯ ಮೇಲಿನ 20ಡಬ್ಲ್ಯು-40 ಎಂಬುದು ಆಯಿಲ್ ಎಷ್ಟು ದಪ್ಪವೆಂದು ಹೇಳುವ ಗ್ರೇಡ್ (ಡಬ್ಲ್ಯು ಜೊತೆಗಿನ ಅಂಕಿ ಚಳಿಯಲ್ಲಿನ, ಎರಡನೆಯದು ಕಾದಾಗಿನ ದಪ್ಪಕ್ಕೆ); ಎಸ್‌ಎಫ್ ಎಂಬುದು ಗುಣಮಟ್ಟದ ದರ್ಜೆ. ಆ ದರ್ಜೆಯಲ್ಲಿ ತೊಡಕೇನೂ ಇಲ್ಲ. ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ (ಎಪಿಐ) 1980ರಲ್ಲಿ ತಂದ ಎಸ್‌ಎಫ್ ದರ್ಜೆಯು 1988ರವರೆಗಿನ ಪೆಟ್ರೋಲ್ ಎಂಜಿನ್‌ಗಳಿಗೆ ತಕ್ಕುದಾಗಿತ್ತು. (ಅದಕ್ಕೂ ಬಹಳ ಹಿಂದಿನ ಎಸ್‌ಎ ಅಥವಾ ಎಸ್‌ಬಿ ದರ್ಜೆ ಎಂದಿದ್ದರೆ ಹಾಕುವ ಯೋಚನೆಯನ್ನೇ ಮಾಡುವಂತಿರಲಿಲ್ಲ.) ತೊಡಕಿರುವುದು ಆ ಡಬ್ಬಿಗಳ ವಯಸ್ಸಿನಲ್ಲಿ. ಸೀಲ್ ಒಡೆಯದ ಆಯಿಲ್‌ಗೂ ತಯಾರಕರು ಸಾಮಾನ್ಯವಾಗಿ 4–5 ವರ್ಷಗಳ ಬಾಳಿಕೆಯನ್ನಷ್ಟೇ ಹೇಳುತ್ತಾರೆ. ನಮ್ಮೂರಿನ ಬೇಸಿಗೆಯಲ್ಲಿ ತಗಡಿನ ಸೂರಿನಡಿ ಹಗಲೆಲ್ಲ ಕಾದು ರಾತ್ರಿ ತಣ್ಣಗಾಗುವ ಡಬ್ಬಿಯು ಮುಚ್ಚಳದ ಸಂದಿನಿಂದ ತೇವವನ್ನು ಎಳೆದುಕೊಳ್ಳಬಲ್ಲದು; ಆಯಿಲ್‌ಗೆ ಬೆರೆಸಿದ ರಾಸಾಯನಿಕಗಳೂ ಕಾಲಕ್ರಮದಲ್ಲಿ ಬೇರ್ಪಟ್ಟು ತಳಕ್ಕಿಳಿಯಬಹುದು.

ಸಂದೇಹವಿದ್ದರೆ ಒಂದು ಡಬ್ಬಿಯನ್ನು ಅಲುಗಾಡಿಸದೆ ತೆರೆದು, ಮೇಲಿನ ಆಯಿಲನ್ನು ಬೇರೆಡೆಗೆ ಬಗ್ಗಿಸಿ, ತಳದಲ್ಲಿ ಉಳಿದದ್ದನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಬಿಸಿಲಿಗೆ ನೋಡಿ. ಹಾಲು ಬೆರೆತಂತೆ ಮಸುಕಾಗಿದ್ದರೆ ನೀರು ಸೇರಿದೆ. ಲೋಳೆಯೋ ತುಕ್ಕಿನ ಪುಡಿಯೋ ಕಂಡರೆ ಡಬ್ಬಿಯೊಳಗೇ ಕೆಟ್ಟಿದೆ. ಕೆಲಸಕ್ಕೆ ಬಾರದ ಹಳೆಯ ತವೆಯೊಂದನ್ನು ಬಯಲಿನಲ್ಲಿ ಕಾಯಿಸಿ, ದೂರ ನಿಂತು ಒಂದೆರಡು ಹನಿ ಹಾಕಿದಾಗ ಚಟಪಟ ಸಿಡಿದರೂ ನೀರಿದೆ ಎಂದೇ ತಿಳಿಯಿರಿ. ಈ ಪರೀಕ್ಷೆಗಳಲ್ಲಿ ತೇರ್ಗಡೆಯಾದರೂ ಅದರ ಶಕ್ತಿ ಎಷ್ಟು ಉಳಿದಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ, ಎಂಜಿನ್‌ಗೆ ಹಾಕಲು ನಾನು ಒಪ್ಪಲಾರೆ.

ನಿಮ್ಮ ಮೆಕ್ಯಾನಿಕ್ ಹೇಳಿದ್ದನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಪದ್ಮಿನಿಯ 1089 ಸಿಸಿ ಎಂಜಿನ್‌ನಲ್ಲಿ ವಾಲ್ವ್‌ಗಳನ್ನು ತೆರೆಸುವ ಕ್ಯಾಮ್‌ಶಾಫ್ಟ್ ನೇರವಾಗಿ ಟ್ಯಾಪೆಟ್ ಎಂಬ ಲೋಹದ ತುಂಡುಗಳ ಮೇಲೆ ಉಜ್ಜುತ್ತ ಪುಶ್‌ರಾಡ್ ಎಂಬ ಸರಳುಗಳನ್ನು ಎತ್ತುತ್ತದೆ. ಆ ಉಜ್ಜುವಿಕೆಯಲ್ಲಿ ಲೋಹ ಸವೆಯದಂತೆ ಕಾಯುವುದು ಆಯಿಲ್‌ನಲ್ಲಿರುವ ಜಿಂಕ್ ಮತ್ತು ಫಾಸ್ಫರಸ್‌ನ ಸಂಯುಕ್ತ. ಹೊಗೆಯ ವಿಷಾನಿಲವನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಫಾಸ್ಫರಸ್ ಕೆಡಿಸುವುದರಿಂದ ಹೊಸ ದರ್ಜೆಗಳಲ್ಲಿ ಅದನ್ನು ಕಡಿಮೆ ಮಾಡಿದರು. ನಿಮ್ಮ ಕಾರಿಗೆ ಆ ಕನ್ವರ್ಟರೇ ಇಲ್ಲ. ಆದರೆ ಆ ಮಿತಿಯು ಮುಖ್ಯವಾಗಿ 5ಡಬ್ಲ್ಯು-30ರಂತಹ ತೆಳು ಗ್ರೇಡ್‌ಗಳಿಗೆ ಸಂಬಂಧಿಸಿದ್ದು, 20ಡಬ್ಲ್ಯು-50 ಆಯಿಲ್‌ಗೆ ಅನ್ವಯಿಸುವುದಿಲ್ಲ. ತೆಳುವೆಂಬ ದೂರಿಗೂ ಅಲ್ಲೇ ಉತ್ತರವಿದೆ: ಎಂಜಿನ್ ಕಾದಾಗ 50ರ ಗ್ರೇಡ್ 40ಕ್ಕಿಂತ ದಪ್ಪವಾಗಿಯೇ ಇರುತ್ತದೆ, ಮತ್ತು ದಾವಣಗೆರೆಯ ಚಳಿಗೆ 20ಡಬ್ಲ್ಯು ಧಾರಾಳವಾಗಿ ಸಾಕು. ಆದ್ದರಿಂದ ಎಸ್‌ಎಲ್ ಅಥವಾ ಅದಕ್ಕಿಂತ ಈಚಿನ ದರ್ಜೆಯ 20ಡಬ್ಲ್ಯು-50 ಮಿನರಲ್ ಆಯಿಲನ್ನು, ತಯಾರಿಕೆಯ ತಿಂಗಳು ನೋಡಿ ಕೊಳ್ಳಿರಿ. ಎಂಜಿನ್ ಒಳಗೆ ಬಹುಕಾಲದ ಮಡ್ಡಿ ಕಟ್ಟಿದ್ದರೆ ಹೊಸ ಆಯಿಲ್ ಅದನ್ನು ಕರಗಿಸಿ ತರುತ್ತದೆ. ಹಾಗಾಗಿ ಮೊದಲ ಸಲ ಬೇಗನೆ ಬದಲಾಯಿಸಿ.

ಆ ಡಬ್ಬಿಗಳ ಆಯಿಲ್ ಗೇಟಿನ ಕೀಲಿಗೆ, ಜಾಕ್‌ನ ತಿರುಪಿಗೆ, ಗುದ್ದಲಿ-ಕುಡುಗೋಲಿಗೆ ತುಕ್ಕು ಹಿಡಿಯದಂತೆ ಸವರಲು ಆಗುತ್ತದೆ. ಚರಂಡಿಗೆ ಮಾತ್ರ ಸುರಿಯಬೇಡಿ.

ಪ್ರಶ್ನೆ: ನನ್ನ 1998ರ ಮಾರುತಿ 800 ಕಾರಿಗೆ, ಹಿಂದೆಂದೋ ತೆರೆದಿಟ್ಟ ಅರ್ಧ ಡಬ್ಬಿ ಹಳೆಯ ಆಯಿಲನ್ನು ಟಾಪ್-ಅಪ್ ಮಾಡಬಹುದೇ? ಹೊಸದರೊಡನೆ ಬೆರೆತರೆ ಕೆಡುವುದೇ?
– ಓದುಗರು, ಹಿರಿಯೂರು

ಉತ್ತರ: ಬೆರೆತ ಮಾತ್ರಕ್ಕೆ ಆಯಿಲ್ ಒಡೆಯುವುದಿಲ್ಲ, ಆದರೆ ಹೊಸದರ ಗುಣ ಇಳಿಯುತ್ತದೆ, ತೆರೆದಿಟ್ಟ ಡಬ್ಬಿಯಲ್ಲಿ ತೇವವೂ ದೂಳೂ ಸೇರಿರುತ್ತವೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಕೆಳಗಿನ ಗುರುತಿಗಿಂತ ಇಳಿದಿದ್ದು, ದಾರಿಯಲ್ಲಿ ಬೇರೇನೂ ಸಿಗದಿದ್ದರೆ ಮಾತ್ರ ಹಾಕಿ ಊರು ಸೇರಿರಿ. ಬಂದೊಡನೆ ಅಷ್ಟನ್ನೂ ಇಳಿಸಿ, ಫಿಲ್ಟರ್ ಸಹಿತ ಬದಲಾಯಿಸಿ.